ಎರಡು ದೊಡ್ಡದೋ, ಮೂರು ದೊಡ್ಡದೋ

ಬುಧವಾರ, ಊಟದ ಬಿಡುವು

ಗುಬ್ಬಿಯ ಅಪ್ಪನಿಗೆ,

ನಮಸ್ಕಾರ. ಎರಡು ವರ್ಷದಿಂದ ನಮ್ಮಿಬ್ಬರ ಮಾತನ್ನೆಲ್ಲ ಮಗಳೇ ಅತ್ತಿಂದಿತ್ತ ಹೊರುತ್ತಿದ್ದಾಳೆ. ಈ ಕಾಗದವನ್ನು ಮಾತ್ರ ಅಂಚೆಗೆ ಹಾಕುತ್ತಿದ್ದೇನೆ. ಇದರಲ್ಲಿ ನಿಮಗೆ ಬೈಯುವುದಿದೆ, ಹನ್ನೆರಡರ ಹುಡುಗಿ ಅದನ್ನು ಓದಬಾರದು.

ನೇರವಾಗಿ ಕೇಳುತ್ತೇನೆ. ನೀವು ಕೊಟ್ಟ ಆ ಕಾರ್ ರೇಸಿನ ಆಟ ನಮ್ಮ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದಿರಂತಲ್ಲ, ಅದು ನಿಜವೋ ಬುರುಡೆಯೋ? "ಡಬ್ಬಿ ಮೇಲೆ ಮೂರು ಗಿಗಾಹರ್ಟ್ಸ್ ಸ್ಪೀಡ್ ಬೇಕು ಅಂತಿದೆ, ನಮ್ದು ಎರಡೇ. ಅಪ್ಪಂದು ಮೂರು. ಅಲ್ಲೇ ಹೋಗಿ ಆಡ್ಬೇಕಂತೆ" ಎಂದಳು ಗುಬ್ಬಿ. ತಿಂಗಳಿಗೊಂದು ಭಾನುವಾರ ಎಂದು ನಾವು ಒಪ್ಪಿಕೊಂಡದ್ದು. ಆ ಆಟ ಬಂದ ಮೇಲೆ ಪ್ರತಿ ಭಾನುವಾರವೂ ನಿಮ್ಮದೇ. ನಾನೇನು ಕಿವಿಯಲ್ಲಿ ಹೂವಿಟ್ಟುಕೊಂಡಿದ್ದೇನೆಯೇ?

ನಿನ್ನೆ ನಮ್ಮ ಕಂಪ್ಯೂಟರಿನ ವಿವರ ತೆಗೆದು ನೋಡಿದೆ. ಡ್ಯುಯಲ್ ಕೋರ್, ಎರಡು ಗಿಗಾಹರ್ಟ್ಸ್. ಅಂದರೆ ಒಳಗೆ ದುಡಿಯುವವರು ಇಬ್ಬರು, ತಲಾ ಎರಡು. ಡಬ್ಬಿ ಕೇಳುವುದು ಒಂದೇ ಕೋರ್, ಮೂರು. ನಾನು ಶಾಲೆಯಲ್ಲಿ ದಡ್ಡಿಯೇ ಆಗಿದ್ದಿರಬಹುದು, ಎರಡೂ ಎರಡೂ ನಾಲ್ಕು ಎಂಬಷ್ಟು ಬರುತ್ತದೆ. ನಾಲ್ಕಿರುವ ಕಡೆ ಮೂರರ ಆಟ ಯಾಕೆ ಓಡದು? ಹಗಲೆಲ್ಲ ಕಂಪ್ಯೂಟರ್ ಬಿಚ್ಚಿ ರಿಪೇರಿ ಮಾಡುವವರಿಗೆ ಇದು ಗೊತ್ತಿಲ್ಲವೇ? ಗೊತ್ತಿದ್ದೂ ಮಗಳ ಆಸೆಗೆ ಗಾಳ ಹಾಕಿದ್ದೀರಿ. ಮೊದಲು ಭಾನುವಾರ, ಆಮೇಲೆ ರಜೆಯೆಲ್ಲ, ಕೊನೆಗೆ ಅಪ್ಪನ ಮನೆಯಲ್ಲೇ ಇರುತ್ತೇನೆ ಎನ್ನುತ್ತಾಳೆ. ಬೆರಳು ತೋರಿಸಿದರೆ ಹಸ್ತ ನುಂಗುವ ನಿಮ್ಮ ಬುದ್ಧಿ ನನಗೆ ಹೊಸದಲ್ಲ. ನಾಳೆ ನಮ್ಮ ಹೊಲಿಗೆ ಘಟಕಕ್ಕೆ ರಜೆ. ಅವಳು ಶಾಲೆಗೆ ಹೋದ ಮೇಲೆ ನಾನೇ ಹಾಕಿ ನೋಡುತ್ತೇನೆ. ಓಡಿತೋ, ಭಾನುವಾರ ಮತ್ತೆ ತಿಂಗಳಿಗೆ ಒಂದೇ.

ಗುರುವಾರ, ಬೆಳಿಗ್ಗೆ ಹನ್ನೊಂದು

ಓಡಿತು. ನಾನು ಹಾಕುವ ಕೆಲಸವೇ ಇರಲಿಲ್ಲ, ಆಗಲೇ ಹಾಕಿತ್ತು. "ಶಾಲೆ ಪಾಠ" ಎಂಬ ಫೋಲ್ಡರ್, ಅದರೊಳಗೆ "ಭೂಗೋಳ", ಅದರೊಳಗೆ ಬಚ್ಚಿಟ್ಟಿದ್ದಾಳೆ ಕಳ್ಳಿ. ಒಂದೇ ಒಂದು ದಿನ ಆಡಿದ ಗುರುತಿದೆ, ನಿಮ್ಮಿಂದ ತಂದ ದಿನದ್ದು. ಕಾರುಗಳು ಎಲ್ಲೂ ನಿಲ್ಲದೆ ಜುಮ್ಮೆಂದು ಹೋಗುತ್ತವೆ.

ಡಬ್ಬಿಯಲ್ಲಿ ಡಿಸ್ಕಿನ ಹಿಂದೆ ಮಡಿಸಿದ ಚೀಟಿಯೊಂದು ಸಿಕ್ಕಿತು. ನಿಮ್ಮದೇ ಕೋಳಿಕಾಲು ಅಕ್ಷರ. ಮೇಲೆ "ಅಮ್ಮನಿಗೆ ಕೊಡು" ಎಂದಿದೆ. ಕೊಟ್ಟಿಲ್ಲ.

ಆಟ ನಮ್ಮ ಕಂಪ್ಯೂಟರಿನಲ್ಲೇ ಚೆನ್ನಾಗಿ ಓಡುತ್ತದೆ, ಅಂಕಿ ನೋಡಿ ಗಾಬರಿಯಾಗಬೇಡ ಎಂದು ಬರೆದಿದ್ದೀರಿ. ಎರಡನ್ನೂ ಕೂಡಿಸಿ ನಾಲ್ಕು ಅನ್ನಲೂಬೇಡ ಎಂದೂ ಇದೆ. ನೀನು ಅಂಗಿಗೆ ಕಾಲರ್ ಕೂರಿಸುವಾಗ ಪಕ್ಕದ ಮಷೀನಿನವಳು ಖಾಲಿ ಕೂತಿದ್ದರೂ ಅದೇ ಕಾಲರಿಗೆ ಇಬ್ಬರು ಸೂಜಿ ಹಾಕಲಾದೀತೇ, ಈ ಹಳೆಯ ಆಟವೂ ಒಬ್ಬರ ಕೈಯಲ್ಲಿ ಮಾತ್ರ ಕೆಲಸ ಮಾಡಿಸುತ್ತದೆ ಎಂದಿದ್ದೀರಿ. ಆದರೆ ಗಿಗಾಹರ್ಟ್ಸ್ ಎಂಬುದು ಬರೀ ಬಡಿತದ ಎಣಿಕೆಯಂತೆ, ನಮ್ಮ ಹೊಸ ಕೋರ್ ಒಂದೊಂದು ಬಡಿತಕ್ಕೂ ಹಳೆಯದಕ್ಕಿಂತ ಹೆಚ್ಚು ಕೆಲಸ ಮುಗಿಸುತ್ತದಂತೆ. ಗಡಿಬಿಡಿಯಲ್ಲಿ ಮೂರು ಸಲ ಕೈಯಾಡಿಸುವವಳಿಗಿಂತ ಕೆಲಸ ಬಲ್ಲವಳು ಎರಡೇ ಸಲದಲ್ಲಿ ಮುಗಿಸುವುದಿಲ್ಲವೇ ಎಂದಿದ್ದೀರಿ. ನಿಮ್ಮ ಮೂರರ ಮುದಿ ಯಂತ್ರದಲ್ಲೇ ಆಟ ತಡವರಿಸುತ್ತದಂತೆ. ಅವಳು ಮನೆಯಲ್ಲೇ ಆಡಲಿ, ಒಪ್ಪಿದ ಭಾನುವಾರ ಮಾತ್ರ ಕಳಿಸು ಎಂದು ಕೊನೆಯ ಸಾಲು.

ನನ್ನ ಲೆಕ್ಕವೂ ತಪ್ಪಾಯಿತು, ನಿಮ್ಮ ಮೇಲಿನ ಅನುಮಾನವೂ ತಪ್ಪಾಯಿತು. ಹಾಗಾದರೆ ಪ್ರತಿ ಭಾನುವಾರ ಅವಳು ಬಂದು ನಿಂತಾಗ ಯಾಕೆಂದು ನೀವು ಕೇಳಲಿಲ್ಲವೇ? ಕೇಳಿರುತ್ತೀರಿ. ಅಮ್ಮನೇ ಕಳಿಸಿದಳು ಎಂದಿರುತ್ತಾಳೆ. ಅಯ್ಯೋ, ಹೆತ್ತವರಿಬ್ಬರನ್ನೂ ಒಂದೇ ಏಟಿಗೆ ಯಾಮಾರಿಸಿದಳಲ್ಲ!

ಮೇಲೆ ಬರೆದ ಬೈಗುಳವನ್ನು ಹರಿದು ಹಾಕುವುದಿಲ್ಲ. ಎರಡು ವರ್ಷದ ಸಿಟ್ಟು, ಸ್ವಲ್ಪ ನಿಮಗೂ ಮುಟ್ಟಲಿ. ಚೀಟಿ ಇದ್ದಲ್ಲೇ ಇಟ್ಟೆ, ಫೋಲ್ಡರ್ ಮುಚ್ಚಿದೆ. ಅವಳಿಗೆ ನಾನೇನೂ ಹೇಳುವುದಿಲ್ಲ, ನೀವೂ ಬಾಯಿ ಬಿಡಬೇಡಿ. ಮನೆಯಲ್ಲಿ ಜುಮ್ಮೆಂದು ಓಡುವ ಆಟವನ್ನು ಬಿಟ್ಟು, ತಡವರಿಸುವ ಯಂತ್ರದ ಮುಂದೆ ನಿಮ್ಮ ಪಕ್ಕ ಕೂರಲು ಎರಡು ಬಸ್ ಬದಲಿಸಿ ಬರುವವಳನ್ನು ತಡೆಯಲು ನನಗೆ ಮನಸ್ಸು ಬರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಈ ಭಾನುವಾರವೂ ಬರುತ್ತಾಳೆ.

ಇಂತಿ,
ಗುಬ್ಬಿಯ ಅಮ್ಮ

ಇನ್ನೊಂದು ಮಾತು: ಹೋದ ವರ್ಷ ನಾನು ಜ್ವರದಲ್ಲಿ ಮಲಗಿದ್ದಾಗ ಮೂರು ದಿನವೂ ಅವಳು ಫೋನಿಟ್ಟು ಬಂದು, "ಅಮ್ಮ ಮಾತ್ರೆ ತಗೊಂಡ್ಲಾ ಅಂತ ಅಪ್ಪ ಕೇಳಿದ್ರು" ಎಂದಿದ್ದಳು. ಅದು ನೀವು ಕೇಳಿದ್ದೋ, ಅವಳೇ ಕಟ್ಟಿದ್ದೋ? ನಿಜ ಬರೆಯಿರಿ, ಅಂಚೆಯಲ್ಲೇ ಹಾಕಿ, ಅವಳ ಬಾಯಲ್ಲಿ ಹೇಳಿ ಕಳಿಸಬೇಡಿ. ನಾನು ಅದನ್ನು ನಂಬಿದ್ದೆ.