ಎರಡು ಸಲ ಒತ್ತಿದ ಹೆಬ್ಬೆರಳು

ಹೊಳೆಮಣ್ಣೂರ, ತಾ. ರೋಣ
ಬುಧವಾರ, 19 ನವೆಂಬರ್ 2025

ಪರಶು,

ಮೊದಲು ನೀನು ಕೊಟ್ಟ ಮಾತು, ಆಮೇಲೆ ಇಲ್ಲವೆಂದದ್ದು, ಎರಡನ್ನೂ ಬರೆದುಬಿಡುತ್ತೇನೆ. ಕೂಲಿಕಾರರ ಸಂಘದ ಕಚೇರಿಯಲ್ಲಿ ನಾವು ಹಾರ ಬದಲಿಸಿ ಗಂಡ ಹೆಂಡತಿಯಾದ ದಿನ, ಒಬ್ಬರಿಗೊಬ್ಬರು ಹೆಸರು ಹಿಡಿದೇ ಕರೆಯೋಣ ಎಂದು ಹೇಳಿದವನು ನೀನು. ಜಗಳವಾದರೂ ಮಾತು ಬಿಡುವುದಿಲ್ಲ ಎಂದವನು ನೀನು. ಪೊಲೀಸರು ಬಾಗಿಲಿಗೆ ಬಂದರೆ ಇಬ್ಬರೂ ಕೂಡಿ ನಿಲ್ಲೋಣ ಎಂದವನೂ ನೀನೇ. ಮೊದಲನೆಯದನ್ನು ನಾನು ಈಗಲೂ ನಡೆಸುತ್ತಿದ್ದೇನೆ. ಸಂಘ ಬಿಟ್ಟು ನಾನು ಬರಲೊಲ್ಲೆ ಎಂದದ್ದಕ್ಕೆ ನೀನೊಬ್ಬನೇ ಮಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದೆಯಲ್ಲ, ಎರಡನೆಯದು ಅಲ್ಲಿಗೆ ಮುರಿಯಿತು. ಪೊಲೀಸರು ನಿನಗೆ ಫೋನ್ ಮಾಡಿ ನನ್ನ ವಿಷಯ ಕೇಳಿದಾಗ "ಆಕಿಗೂ ನನಗೂ ಏನೂ ಸಂಬಂಧ ಇಲ್ರಿ ಸರ" ಅಂದೆಯಂತೆ. ಮೂರನೆಯದೂ ಮುರಿಯಿತು. ಅದನ್ನು ರೋಣದ ಠಾಣೆಯಲ್ಲಿ ನನಗೆ ಓದಿ ಹೇಳಿದರು.

ಇರಲಿ. ಬೈಯುವುದಕ್ಕೆಂದು ಕೂತಿಲ್ಲ. ನಾನು ಆರೋಪಿ ಅಲ್ಲ ಎಂದು ನಿನ್ನೆ ಸಂಜೆ ಖಾತ್ರಿಯಾಯಿತು, ಅದನ್ನು ತಿಳಿಸಲು ಬರೆಯುತ್ತಿದ್ದೇನೆ. ನನ್ನ ಫೋನು ಪುರಾವೆಯೆಂದು ಪೊಲೀಸರ ಹತ್ತಿರವೇ ಇದೆ, ಅದಕ್ಕೇ ಈ ಕಾಗದ.

ಆಗಿದ್ದು ಹೀಗೆ. ಬೇರೆ ರಾಜ್ಯದ ಒಬ್ಬ ನಿವೃತ್ತ ಮಾಸ್ತರರಿಗೆ ಕಳ್ಳರು ಪೊಲೀಸ್ ಡ್ರೆಸ್ ಹಾಕಿಕೊಂಡು ವಿಡಿಯೋ ಕಾಲ್ ಮಾಡಿದ್ದಾರೆ. ನೀವು ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ಯಾರಿಗೂ ಹೇಳಬೇಡಿ ಎಂದು ಹೆದರಿಸಿ ಅವರ ಬದುಕನ್ನೇ ಬಾಚಿಕೊಂಡಿದ್ದಾರೆ. ಆ ಕರೆ ಬಂದ ನಂಬರು ನನ್ನ ಹೆಸರಿನಲ್ಲಿತ್ತು. ನಾನು ಕಂಡೇ ಇಲ್ಲದ ನಂಬರು. ದಿಲ್ಲಿಯಿಂದ ಸೈಬರ್ ತನಿಖೆಯ ತಂಡ ಗದಗಿಗೆ ಬಂತು, ಅಲ್ಲಿಂದ ನಮ್ಮ ಓಣಿಗೆ ಬಂತು. ದೇಶ ದೋಚುವವರನ್ನು ಹುಡುಕಲು ಹೊರಟ ಜೀಪು ಮೊದಲು ನಿಂತದ್ದು ಕಳೆ ಕೀಳುವವಳ ಮನೆ ಮುಂದೆ. ಇದನ್ನು ತಂಡದ ಇನ್ಸ್‌ಪೆಕ್ಟರ್ ರಾಜೇಶ್ವರಿ ಮೇಡಂ ಮುಖಕ್ಕೇ ಹೇಳಿದೆ. ನರಗುಂದದ ಕಡೆಯ ಹೆಣ್ಣುಮಗಳು. "ಬೈರಿ, ಬ್ಯಾಡ ಅನ್ನೂದಿಲ್ಲ. ಆದ್ರ ಕೇಳಿದ್ದಕ್ಕ ಉತ್ತರಾನೂ ಕೊಡ್ರಿ" ಅಂದರು.

ಆ ಕರೆ ಮಾಡಿದ ಹ್ಯಾಂಡ್‌ಸೆಟ್ಟಿನಲ್ಲಿ ಅದಕ್ಕೂ ಮುಂಚೆ ಬೇರೆ ಸಿಮ್ಮುಗಳೂ ಓಡಿದ್ದವಂತೆ. ಯಾರ ಹೆಸರಿನವು ಎಂದು ತೆಗೆಸಿ ನೋಡಿದರೆ ನಮ್ಮವ್ವ ಅಡಿವೆವ್ವ, ಹೊಳೆವ್ವ, ಪೂಜಾ, ಎಲ್ಲ ನಮ್ಮ ಕೂಲಿ ಗುಂಪಿನವರೇ. ಎಲ್ಲವೂ ಹೆಬ್ಬೆರಳು ಒತ್ತಿಸಿಕೊಳ್ಳುವ ಒಂದೇ ಯಂತ್ರದಿಂದ ಹೊರಟ ಸಿಮ್ಮು. "ಇಂಥಾ ಯಂತ್ರ ಎಲ್ಲಿ ಒತ್ತಿದ್ರಿ, ನೆನಪ ಮಾಡ್ಕೋರಿ" ಅಂದರು.

ನೆನಪಾಯಿತು. ಹೋದ ವರ್ಷ ಕಡಲೆ ಕುಡಿ ಚಿವುಟುವ ಕಾಲ. ಬೆಳವಣಕಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಛತ್ರಿ ಹಾಕಿ ಕೂತು ಪುಕ್ಕಟೆ ಸಿಮ್ ಕೊಡುತ್ತಿದ್ದ. ಕೆಲಸ ಬಿಟ್ಟು ಬಸ್ಸಿಗೆ ನಿಂತಿದ್ದ ನಾವೆಲ್ಲ ಸಾಲು ಹಚ್ಚಿದೆವು. ಚಿವುಟುವಾಗ ಹತ್ತುವ ಕಡಲೆಯ ಹುಳಿಗೆ ನಮ್ಮ ಬೆರಳಿನ ಗೆರೆಗಳು ಸವೆದಿರುತ್ತವೆ, ನಿನಗೆ ಗೊತ್ತು. ರೇಶನ್ ಅಂಗಡಿಯಲ್ಲಿ ಬೆರಳು ತಲೆಗೆ ಒರೆಸಿ, ಎಣ್ಣೆ ಹತ್ತಿಸಿ, ಮತ್ತೆ ಮತ್ತೆ ಒತ್ತಿ ನಮಗೆ ರೂಢಿ. ಅವನೂ "ಮೂಡ್ಲಿಲ್ಲ ಅಕ್ಕಾರ, ಇನ್ನೊಮ್ಮೆ ಒತ್ರಿ" ಅಂದ. ತಪ್ಪು ನಮ್ಮ ಬೆರಳಿನದೇ ಎಂಬಂತೆ ನಾಚಿಕೊಂಡು ಒತ್ತಿದೆವು. ಮೇಡಂ ಯಂತ್ರದ ದಾಖಲೆ ತೋರಿಸಿದರು: ಮೊದಲ ಸಲವೇ ಮೂಡಿತ್ತು. ಎರಡನೇ ಸಲ ಒತ್ತಿದ್ದಕ್ಕೆ ನಮ್ಮ ಹೆಸರಿನಲ್ಲೇ ಇನ್ನೊಂದು ಸಿಮ್ ಹುಟ್ಟಿ ಅವನ ಕಿಸೆ ಸೇರಿತ್ತು. ಅಕ್ಕಿ ಕೊಡುವಾಗ ಮೂಡದ ಬೆರಳು ಕಳ್ಳತನಕ್ಕೆ ಎರಡು ಸಲ ಮೂಡಿತು ನೋಡು.

ನಾನೊಬ್ಬಳೇ ಹೇಳಿದರೆ ಯಾರು ನಂಬಬೇಕು? ಉಳಿದವರು ಬಾಯಿ ಬಿಡಲೊಲ್ಲರು. "ಹೆಸರ ಹೇಳಿದ್ರ ನಮ್ಮನ್ನೂ ಜೀಪಿನ್ಯಾಗ ಹಾಕ್ತಾರ" ಎಂಬ ಹೆದರಿಕೆ. ಎಲ್ಲರನ್ನೂ ದುರ್ಗವ್ವನ ಗುಡಿಕಟ್ಟೆಗೆ ಕರೆದೆ. ಬಾಯಿಂದ ಹೇಳುವುದು ಬೇಡ, ಎರಡು ಸಲ ಒತ್ತಿದವರು ಹೆಬ್ಬೆರಳು ಎತ್ತಿರಿ ಸಾಕು ಅಂದೆ. ಮೊದಲು ಅವ್ವ ಎತ್ತಿದಳು. ಆಮೇಲೆ ಹೊಳೆವ್ವ ಎತ್ತಿ, "ನಾ ಊರ ದಾಟಿ ಮಾಸ್ತರನ್ನ ಹೆದರಿಸಿನೇನು? ನನ್ನ ಫೋನಿನ್ಯಾಗ ಗದಗಿಗೆ ಹಚ್ಚಾಕ ರೊಕ್ಕ ಇರೂದಿಲ್ಲ" ಅಂದಳು. ಕಟ್ಟೆಯೆಲ್ಲ ನಕ್ಕಿತು. ನಕ್ಕ ಮೇಲೆ ಎಲ್ಲರ ಬೆರಳೂ ಎದ್ದವು. ಮರುದಿನ ಕೂಲಿ ಬಿಟ್ಟು, ಟಂಟಂ ಗಾಡಿ ಹತ್ತಿ ರೋಣದ ಠಾಣೆಗೆ ಹೋದೆವು.

ಮೇಡಂ ನಮ್ಮನ್ನು ಬೇರೆ ಬೇರೆ ಕೂಡಿಸಿ, ಫೋಟೋ ಹರವಿ ಕೇಳಿದರು. ಎಲ್ಲರೂ ಒಂದೇ ಮುಖದ ಮೇಲೆ ಬೆರಳಿಟ್ಟೆವು. ಗಜೇಂದ್ರಗಡದ ಬಾಡಿಗೆ ಖೋಲಿಯಲ್ಲಿ ಛತ್ರಿಯವನು ಸಿಕ್ಕ, ಯಂತ್ರವೂ ಸಿಕ್ಕಿತು. ಅವನಿಂದ ಸಿಮ್ ಕೊಂಡವರು ಸಮುದ್ರದಾಚೆ ಕೂತಿದ್ದಾರಂತೆ, ತಂಡ ಅವರ ಬೆನ್ನು ಹತ್ತಿದೆ. ಅವರು ಸಿಗುವ ತನಕ ಆ ಮಾಸ್ತರರಿಗೆ ನ್ಯಾಯ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಆದರೆ ನಿನ್ನೆ ಮೇಡಂ "ಅನಿತಾ, ನೀವೀಗ ಸಾಕ್ಷಿ" ಅಂದಾಗ ಹೊರಗಿನ ನಳಕ್ಕೆ ಹೋಗಿ ಮುಖ ತೊಳೆದುಕೊಂಡೆ, ಎಷ್ಟು ತೊಳೆದರೂ ಮತ್ತೆ ಒದ್ದೆಯಾಗುತ್ತಿತ್ತು. ರಾತ್ರಿ ಅವ್ವ ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ಕಳ್ಳರ ವಿದ್ಯೆ ಇಷ್ಟೇ ಪರಶು: ಮನುಷ್ಯನನ್ನು ಒಂಟಿ ಮಾಡುವುದು. ಮಾಸ್ತರರ ಮುಂದೆ ಅದು ನಡೆಯಿತು. ನಮ್ಮ ಕಟ್ಟೆಯ ಮೇಲೆ ನಡೆಯಲಿಲ್ಲ.

ಇಂದಿಗೂ ನಿನ್ನನ್ನು ಹೆಸರು ಹಿಡಿದೇ ಕರೆಯುವ,
ಅನಿತಾ

ತಾ.ಕ.: ಮೇಡಂ ಇನ್ನೊಂದು ಕೇಳಿದ್ದರು: "ನಿಮ್ಮ ಕಡೆ ಒಂದು ನಂಬರ್ ಇತ್ತಲ್ಲ, ಮತ್ತ ಹೊಸಾದ್ಯಾಕ?" ಪುಕ್ಕಟೆ ಎಂದು ಸಾಲು ಹಚ್ಚಿದವರು ಉಳಿದವರು. ನಾನು ಸಾಲು ಹಚ್ಚಿದ್ದು ನನ್ನ ಹಳೆಯ ನಂಬರನ್ನು ನೀನು ಬ್ಲಾಕ್ ಮಾಡಿದ್ದಕ್ಕೆ. ಹೊಸದರಿಂದ ನಿನಗೆ ಒಮ್ಮೆ ಫೋನ್ ಹಚ್ಚಿದೆ. ನೀನು "ಹಲೋ, ಯಾರ್ರಿ?" ಅಂದೆ. ಇಟ್ಟುಬಿಟ್ಟೆ. ಇದನ್ನು ಹೇಳಿದಾಗ ಮೇಡಂ ಪೆನ್ನು ಕೆಳಗಿಟ್ಟರು. "ಇದು ಕೇಸಿಗೆ ಬ್ಯಾಡ ಬಿಡ್ರಿ. ಹೇಳಬೇಕಾದವ್ರಿಗೆ ಹೇಳ್ರಿ" ಅಂದರು. ಹೇಳಿದ್ದೇನೆ. ನಾವೆಲ್ಲ ರೋಣದ ಕೋರ್ಟಿನಲ್ಲಿ ಹೇಳಿಕೆ ಕೊಡುವುದಿದೆ. ಮೆಟ್ಟಿಲ ಮೇಲೆ ನನ್ನ ಮಗ್ಗುಲಿಗೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿರುತ್ತೇನೆ. ಡಿಸೆಂಬರ್ ಒಂದು, ಸೋಮವಾರ, ಮುಂಜಾನೆ ಹನ್ನೊಂದು ಗಂಟೆಗೆ.