ನೋಟಿನ ಮೇಲೆ ಕೂರಬೇಕಾದವರು

ಅಕ್ಟೋಬರ್ 9, ಬೆಳಗ್ಗೆ

ಹಾಲು ಉಕ್ಕಿತು. ಕಾರಣ ಇವರು. ಒಲೆಯ ಮುಂದೆ ನಿಂತು ಭಾಷಣ. ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಬಳಗದಲ್ಲಿ ಈ ಸಲ ಹಾಡು-ಕುಣಿತ ಬೇಡವಂತೆ. ಚರ್ಚೆಯಂತೆ. ವಿಷಯ: ನಮ್ಮ ನೋಟಿನ ಮೇಲೆ ಇನ್ನು ಯಾರ ಚಿತ್ರ ಬರಬೇಕು?

"ಗಾಂಧೀಜಿ ಏನು ತಪ್ಪು ಮಾಡಿದ್ರು ರೀ?"

"ಅವರೂ ಇರ್ತಾರೆ ವಸು. ಹಿಂದುಗಡೆ ಜಾಗ ಇದೆಯಲ್ಲ."

ಇಡೀ ಕಾಶಿಯಲ್ಲಿ ಬಳಗದವರು ಮೂವತ್ತು ಮಂದಿ ಇದ್ದರೆ ಹೆಚ್ಚು. ಅವರಲ್ಲಿ ಜಗಳವಾಡದವರು... ಯೋಚಿಸಬೇಕು. ಆಸ್ಪತ್ರೆಗೆ ಲೇಟಾಯಿತು.

ಅಕ್ಟೋಬರ್ 11, ಸಂಜೆ

ಅಸ್ಸಿ ಘಾಟಿನಿಂದ ಮುಖ ಕೆಂಪಗೆ ಮಾಡಿಕೊಂಡು ಬಂದರು. ದಿನಾ ಅಲ್ಲಿ ಕುಮಾರಯ್ಯನವರ ಜೊತೆ ಚಹಾ. ವರ್ಷಗಳ ರೂಢಿ. ಕುಮಾರಯ್ಯ ನಮ್ಮ ಕಡೆಯ ಮಠದ ಮ್ಯಾನೇಜರ್; ಬಳಗದ ಸಭೆಗಳೆಲ್ಲ ಮಠದ ಸಭಾಂಗಣದಲ್ಲೇ. ಇವತ್ತು ಅವರು ಬಸವಣ್ಣ ಎಂದರಂತೆ. ರಾಜನ ಬೊಕ್ಕಸ ನೋಡಿಕೊಂಡವರು, ನೋಟಿಗೆ ಅವರಿಗಿಂತ ಯೋಗ್ಯರು ಯಾರು ಎಂದು. ಇವರು ವಿಶ್ವೇಶ್ವರಯ್ಯ ಎಂದರು.

"ಬಸವಣ್ಣನ ಮುಖಕ್ಕೆ ಎಂಜಲು ಹಚ್ಚಿ ಎಣಿಸ್ತಾರೆ, ಹೆಂಡದಂಗಡೀಲಿ ಕೊಡ್ತಾರೆ, ನಿಮ್ಮ ಮಠ ಒಪ್ಪುತ್ತಾ ಅಂದೆ. ತಪ್ಪಾ?"

"ಅದಕ್ಕವರು?"

"ನಿಮ್ಮ ಇಂಜಿನಿಯರ್ ಪೇಟ ನೋಟಲ್ಲಿ ಹಿಡಿಸಲ್ಲ ಅಂದ್ರು!"

ಸಿಟ್ಟಿಗೆ ಕುಲ್ಹಡ್ ನೆಲಕ್ಕೆ ಕುಕ್ಕಿ ಎದ್ದು ಬಂದರಂತೆ. ಆ ಮಣ್ಣಿನ ಲೋಟವನ್ನು ಕುಡಿದ ಮೇಲೆ ಎಲ್ಲರೂ ಒಡೆಯುವುದೇ. ಸಿಟ್ಟೆಂದು ಯಾರಿಗೂ ತಿಳಿದಿರಲಾರದು.

ಅಕ್ಟೋಬರ್ 20

ಚಹಾ ಈಗ ಮನೆಯಲ್ಲೇ. ಪ್ರತಿ ಸಲವೂ "ಶುಂಠಿ ಸಾಲದು." ಸಂಜೆಯಾದರೆ ಕಿಟಕಿಯ ಬಳಿ ನಿಲ್ಲುತ್ತಾರೆ. ಮಠದಿಂದ ಫೋನ್: ಸಭಾಂಗಣಕ್ಕೆ ಸುಣ್ಣಬಣ್ಣ, ನವೆಂಬರ್ ಒಂದಕ್ಕೆ ಸಿಗುವುದಿಲ್ಲ. ಸುಳ್ಳು.

ವಿಶ್ವೇಶ್ವರಯ್ಯ ಎಂದರೆ ಇವರಿಗೆ ಭದ್ರಾವತಿ. ಅಪ್ಪ ದುಡಿದ ಉಕ್ಕಿನ ಕಾರ್ಖಾನೆ. ಇವರೂ ಸೇರಿದ್ದರು. ನನಗೆ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಅದನ್ನು ಬಿಟ್ಟು ಬಂದು ಯೂನಿವರ್ಸಿಟಿಯಲ್ಲಿ ಮೇಷ್ಟ್ರಾದರು. ಭದ್ರಾವತಿಯ ಕಥೆಯನ್ನು ಬೇಸರವಿಲ್ಲದೆ ಕೇಳುತ್ತಿದ್ದವರು ಈ ಊರಿನಲ್ಲಿ ಒಬ್ಬರೇ, ಕುಮಾರಯ್ಯ. ನಾನಂತೂ ಅರ್ಧಕ್ಕೇ ಎದ್ದು ಹೋಗುತ್ತೇನೆ.

ಅಕ್ಟೋಬರ್ 26

ಉಪಾಯ ಹೊಳೆಯಿತು. ಸಭೆ ದೋಣಿಯ ಮೇಲೆ! ಓಂಕಾರ್ ಸಾಹನಿಯದು ದೊಡ್ಡ ದೋಣಿ, ಅವನ ತಾಯಿ ನನ್ನ ಪೇಷೆಂಟ್.

"ಡಾಕ್ಟರ್ ಸಾಹಬ್, ಶಾದಿ ಹೌ ಕಾ?"

ಮದುವೆಯಲ್ಲ, ಜಗಳ ಎಂದೆ.

"ಉಹೋ ಹೋ ಜಾಯೀ." ಅದೂ ಆಗುತ್ತದಂತೆ.

ಕುಮಾರಯ್ಯನವರಿಗೆ ಫೋನ್ ಮಾಡಿದೆ. "ಸರ್ ಬರ್ತಾರಾ ಮೇಡಂ?" "ಹುಷಾರಿಲ್ಲ, ಬರಲ್ಲ." ಇವರಿಗೂ ಕುಮಾರಯ್ಯನವರ ಬಗ್ಗೆ ಅದನ್ನೇ ಹೇಳಿದೆ. ಡಾಕ್ಟರ್ ಹೇಳಿದರೆ ಯಾರೂ ಅನುಮಾನಿಸುವುದಿಲ್ಲ.

ನವೆಂಬರ್ 1, ಸಂಜೆ

ಬರೆಯಲು ಕೂತರೂ ನಗು ಬರುತ್ತಿದೆ.

ದೋಣಿ ಹತ್ತಿದ ಮೇಲೆಯೇ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು. ಅಷ್ಟರಲ್ಲಿ ಓಂಕಾರ್ ಹಗ್ಗ ಬಿಚ್ಚಿದ್ದ. ಒಬ್ಬರು ಚೆನ್ನಮ್ಮ ಎಂದರು, ಒಬ್ಬರು ಪುಲಿಕೇಶಿ. ಮಗಳು ಪ್ರಾರ್ಥನಾ ಕಬೀರ ಎಂದಳು. "ಕಬೀರ್ ಇಧರ್ ಕೇ ಹೈ ನಾ ಅಮ್ಮಾ. ನಾನೂ ಇಧರ್ ಕೀ." ಇಲ್ಲೇ ಹುಟ್ಟಿದವಳು, ಏನು ಹೇಳುವುದು!

ಶಿವಾಲ ಘಾಟ್ ದಾಟುವಾಗ ಕುಮಾರಯ್ಯ ಗಾಳಿಗೆ ಹೇಳುವವರಂತೆ, "ಅಣೆಕಟ್ಟು ಕಟ್ಟಿದವರೆಲ್ಲ ನೋಟಿಗೆ ಬಂದ್ರೆ ಮೇಸ್ತ್ರಿಗಳು ಏನು ಪಾಪ ಮಾಡಿದ್ರು?" ಎಂದರು. ಇವರು ಧಡಕ್ಕನೆ ಎದ್ದರು.

"ನಾನು ಸಭಾತ್ಯಾಗ ಮಾಡ್ತಿದೀನಿ!"

ರಭಸದಿಂದ ನಡೆದರು. ಮುಂದೆ ಗಂಗೆ. ನಿಂತರು. ವಾಪಸ್ ಬಂದರೆ ಅವಮಾನ. ಅಂಚಿನಲ್ಲೇ ಕಂಬ ಹಿಡಿದುಕೊಂಡರು. ದೋಣಿ ವಾಲಿತು.

"ಸರ್... ಈಜು ಬರುತ್ತಾ?" ಕುಮಾರಯ್ಯನವರ ದನಿಯಲ್ಲಿ ನಿಜವಾದ ಗಾಬರಿ.

"ಇಲ್ಲ."

"ಹಾಗಾದ್ರೆ ತ್ಯಾಗ ಆಮೇಲೆ ಮಾಡೋರಂತೆ, ಬನ್ನಿ." ಕೈ ಹಿಡಿದು ತಂದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಆಮೇಲೂ ಕೈ ಬಿಡಲಿಲ್ಲ.

ಹರಿಶ್ಚಂದ್ರ ಘಾಟ್. ಚಿತೆಗಳು ಉರಿಯುತ್ತಿದ್ದವು. ಕುಮಾರಯ್ಯ ಮೆಲ್ಲಗೆ, "ಸರ್, ನೋಟಿನ ಮೇಲೆ ಇಷ್ಟು ರೂಪಾಯಿ ಕೊಡ್ತೀನಿ ಅಂತ ಮಾತು ಕೊಟ್ಟಿರ್ತಾರೆ. ಕೊಟ್ಟ ಮಾತಿಗಾಗಿ ಸುಡುಗಾಡು ಕಾಯ್ದವನು ಹರಿಶ್ಚಂದ್ರ ಒಬ್ಬನೇ."

"ಭೇಷ್! ನಿಮ್ಮವರೂ ಬೇಡ, ನಮ್ಮವರೂ ಬೇಡ. ಅವನೇ ಇರಲಿ."

ಗಂಡಸರ ಚಪ್ಪಾಳೆ. ನಮ್ಮತ್ತೆ ಅನ್ನದಾನಮ್ಮ ಇಷ್ಟು ಹೊತ್ತು ಕಡಲೆ ತಿನ್ನುತ್ತ ಕೂತಿದ್ದರು. ಗದಗಿನ ಮಗಳು, ಎಲ್ಲಿ ಹೋದರೂ ಮಾತು ಬದಲಾಗಿಲ್ಲ. ಮಗನ ಕಡೆ ತಿರುಗಿದರು.

"ಕೊಟ್ಟ ಮಾತಿಗೆ ಹೇಂತೀನ ಮಾರ್ಯಾನಲ್ಲೋ ಗೋಪಿ, ಇದ ಊರಾಗ. ರೊಕ್ಕಧಾಂಗ ಕೈ ಬದಲಾದಾಕಿ ಚಂದ್ರಮತಿ. ನೋಟಿನ ಮ್ಯಾಲೆ ಆಕೀನ ಕುಂದರಸ್ರಿ."

"ಅವ್ವಾ, ಚಂದ್ರಮತಿ ಇದ್ದಳು ಅನ್ನೋಕೆ ಇತಿಹಾಸದಲ್ಲಿ ದಾಖಲೆ ಇಲ್ಲ."

"ನಿನ್ನ ಹರಿಶ್ಚಂದ್ರಗ ಐತೇನು?"

ಹೆಂಗಸರ ಕೈಗಳೆಲ್ಲ ಮೇಲೆದ್ದವು. ಪ್ರಾರ್ಥನಾ ಕಬೀರನನ್ನು ಬಿಟ್ಟು ಅಜ್ಜಿಯ ಕಡೆ ಬಂದಳು. ಏನೂ ತಿಳಿಯದ ಓಂಕಾರನೂ ಕೈ ಎತ್ತಿದ. ಚಂದ್ರಮತಿ ಗೆದ್ದಳು. ಇವರೂ ಕುಮಾರಯ್ಯನವರೂ ತಲೆಗೆ ತಲೆ ತಾಗಿಸಿ ಕೂತು ಫಲಿತಾಂಶದ ವಿರುದ್ಧ ಆಕ್ಷೇಪಣೆ ಬರೆದರು. ಜಂಟಿಯಾಗಿ.

ನವೆಂಬರ್ 3, ಸಂಜೆ

ಬಟ್ಟೆ ಮಡಿಚುತ್ತಿದ್ದೆ. ಬಂದು ಎದುರಿಗೆ ನಿಂತರು.

"ವಸು, ಹರಿಶ್ಚಂದ್ರನ ಜಾಗದಲ್ಲಿ ನಾನಿದ್ದಿದ್ರೆ ನಿನ್ನ ಮಾರ್ತಿದ್ನಾ?"

ತಮಾಷೆಗೆ ಕೇಳಿದ್ದಲ್ಲ. ಆವತ್ತಿನಿಂದ ಕೊರೆಯುತ್ತಿತ್ತಂತೆ. ಹೇಳಬೇಕಾದದ್ದು ಬಹಳ ಇತ್ತು. ಇಷ್ಟು ವರ್ಷ ಹೇಳದೇ ಉಳಿದದ್ದು. ಬಾಯಿ ತೆರೆದೆ. ಗಲ್ಲಿಯಿಂದ ಕುಮಾರಯ್ಯನವರ ಕೂಗು, "ಸರ್, ಬರ್ತೀರಾ?"

"ಬಂದೆ!" ಎಂದವರೇ ಚಪ್ಪಲಿ ಹುಡುಕಿಕೊಂಡು ಹೋಗಿಯೇ ಬಿಟ್ಟರು. ಉತ್ತರವನ್ನೂ ಕೇಳಲಿಲ್ಲ.

ಹೆಂಡತಿಯನ್ನು ಮಾರುವವರಲ್ಲ. ಒಂದು ಕುಲ್ಹಡ್ ಚಹಾಕ್ಕೆ ಪುಕ್ಕಟೆ ಬಿಟ್ಟು ಹೋಗುವವರು. ಆದರೂ ಮೆಟ್ಟಿಲ ಮೇಲೆ ಆ ಧಾವಂತದ ಹೆಜ್ಜೆ ಕೇಳಿ ನನಗೆ ಇಷ್ಟು ಸಮಾಧಾನ ಯಾಕಾಯಿತೆಂದರೆ, ನನಗಾಗಿ ಬಿಟ್ಟು ಬಂದ ಭದ್ರಾವತಿಯ ಕಥೆಗೆ ಕೇಳುವವರು ಮತ್ತೆ ಸಿಕ್ಕಿದ್ದರು.