ಮೀನಿಗೆ ಬಳಿದ ಕೆಂಪು

ಗಂಟರ್ಸ್‌ವಿಲ್, ಅಲಬಾಮಾ
ಫೆಬ್ರುವರಿ ಕೊನೆ

ಪ್ರೀತಿಯ ನಾದಿನಿ ಒರ್ಲೀನ್‌ಗೆ,

ಚಳಿ ಇಳಿಯುವಾಗ ಬಾಸ್ ಮೀನು ಕೆಂಪಿಗೇ ಬಾಯಿ ಹಾಕುವುದು ನಿನಗೆ ಗೊತ್ತು. ಪ್ರತಿ ವರ್ಷ ನಿನ್ನಕ್ಕನ ಉಗುರುಬಣ್ಣ ಕದ್ದು ಗಾಳದ ಹುಸಿಮೀನುಗಳಿಗೆ ಬಳಿಯುತ್ತಿದ್ದೆ. "ಮೀನಿಗೆ ಮದುವಣಗಿತ್ತಿ ಸಿಂಗಾರ, ಹೆಂಡತಿಗೆ ಬೋಳು ಉಗುರು!" ಎಂದು ವೆರ್ನಾ ರೇಗುತ್ತಿದ್ದಳು.

ಈ ಸಲ ದೋಣಿ ಶೆಡ್ಡಿನಲ್ಲೇ ಇದೆ. ಡಾಕ್ಟರು ವೆರ್ನಾಗೆ ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ಇರಲಿ ಎಂದಿದ್ದಾರೆ. ನಿದ್ದೆಗೆ ಇಬ್ಬರೂ ಸರದಿ ಹಾಕಿಕೊಂಡಿದ್ದೇವೆ. ಯಾರ ಸರದಿಯೂ ಬರುತ್ತಿಲ್ಲ.

ನಿನ್ನೆ ಮಲಗಿದ್ದಲ್ಲಿಂದಲೇ ಕೈ ಚಾಚಿದಳು. "ಏ ಕಳ್ಳ, ಮೀನಿಗೆ ಬಳಿದೂ ಬಳಿದೂ ಕೈ ಪಳಗಿದೆಯಲ್ಲ, ನನಗೂ ಬಳಿ." ಬಳಿದೆ. ಎರಡು ಬೆರಳು ಬಾಕಿಯಿರುವಾಗಲೇ ಸೀಸೆ ಖಾಲಿಯಾಯಿತು.

ಅದೇ ಕೆಂಪು ಒಂದು ಸೀಸೆ ಬೇಕು. ಅಂಚೆಗೆ ಹಾಕಬೇಡ, ನೀನೇ ತಾ. ಆ ಎರಡು ಬೆರಳನ್ನು ಅವಳು ಅಂಗೈಯೊಳಗೆ ಮಡಚಿಟ್ಟುಕೊಂಡು ಕಾಯುತ್ತಿದ್ದಾಳೆ.

ನಿನ್ನ ಭಾವ,
ಹೋಯ್ಟ್